ಪ್ಯಾರಿಸ್‌ನಲ್ಲಿ ಕೊಟ್ಟ ಮಾತು ಭಾಂಡುಪ್‌ನ ಖಾಡಿಯನ್ನು ಕಾಯುತ್ತದೆಯೇ?

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾದವನು. ಊರು ಕುಂದಾಪುರದ ಕಡೆ, ಮನೆ ಮುಂಬೈನ ಭಾಂಡುಪ್ ಪೂರ್ವದಲ್ಲಿ. ನಮ್ಮ ಸೊಸೈಟಿಯ ಆಚೆ ಖಾಡಿಯ (ಸಮುದ್ರದ ನೀರು ಒಳಬರುವ ಹಿನ್ನೀರು) ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ದಟ್ಟವಾಗಿ ಬೆಳೆದಿದೆ. ಅದರ ನಡುವೆ ರಸ್ತೆ ಬರುತ್ತದೆ ಎಂದು ಕೇಳುತ್ತಿದ್ದೇವೆ. ಭಾರತ ಪ್ಯಾರಿಸ್ ಒಪ್ಪಂದದಲ್ಲಿದೆ, ಕಾಡು ಬೆಳೆಸಿ ಇಂಗಾಲ ತಗ್ಗಿಸುತ್ತೇವೆ ಎಂದು ಜಗತ್ತಿಗೇ ಮಾತು ಕೊಟ್ಟಿದೆ. ಆ ಮಾತನ್ನೇ ಹಿಡಿದು ನಮ್ಮ ಸೊಸೈಟಿಯವರು ಕೋರ್ಟಿಗೆ ಹೋಗಬಹುದೇ? ಸರ್ಕಾರ ಕೊಟ್ಟ ಮಾತು ಕಾನೂನೇ ಅಲ್ವಾ?

ಉತ್ತರ: ಆ ಮಾತೊಂದನ್ನೇ ನಂಬಿ ಹೋದರೆ ಅರ್ಜಿ ನಿಲ್ಲುವುದು ಕಷ್ಟ. ಆದರೆ ನಿಮ್ಮ ಖಾಡಿಯನ್ನು ಕಾಯಲು ಬೇರೆ ಗಟ್ಟಿ ಕಾನೂನುಗಳಿವೆ. ಅವುಗಳ ಮೇಲೆ ಅರ್ಜಿ ಕಟ್ಟಿ, ಪ್ಯಾರಿಸ್‌ನ ಮಾತನ್ನು ಅವುಗಳ ಬೆನ್ನಿಗೆ ನಿಲ್ಲಿಸಿದರೆ ಆಗ ಅದಕ್ಕೆ ಬೆಲೆ ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಕೇಸುಗಳೂ ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಭಾರತ ಕೊಟ್ಟ ಮಾತು ಏನು ಎಂಬುದನ್ನು ಮೊದಲು ಸರಿಯಾಗಿ ನೋಡೋಣ. ಪ್ಯಾರಿಸ್ ಒಪ್ಪಂದ ಆಗಿದ್ದು 2015ರ ಡಿಸೆಂಬರ್‌ನಲ್ಲಿ. ಭಾರತ ಅದನ್ನು ಅನುಮೋದಿಸಿದ್ದು 2016ರ ಅಕ್ಟೋಬರ್ 2ರಂದು. ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದು ವಿಶ್ವಸಂಸ್ಥೆಗೆ ಕೊಡಬೇಕು. ಹಾಗೆ ಕೊಡುವ ಪತ್ರವನ್ನು ಎನ್‌ಡಿಸಿ ಎನ್ನುತ್ತಾರೆ. 2022ರ ಆಗಸ್ಟ್‌ನಲ್ಲಿ ಭಾರತ ಪರಿಷ್ಕರಿಸಿ ಕೊಟ್ಟ ಪತ್ರದ ಪ್ರಕಾರ, 2030ರ ಹೊತ್ತಿಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಇಂಗಾಲ 2005ರಲ್ಲಿ ಇದ್ದದ್ದಕ್ಕಿಂತ 45% ಇಳಿಯಬೇಕು. ವಿದ್ಯುತ್ ಉತ್ಪಾದನೆಯ ಸ್ಥಾಪಿತ ಸಾಮರ್ಥ್ಯದಲ್ಲಿ ಸುಮಾರು 50% ಭಾಗ ಕಲ್ಲಿದ್ದಲು, ಅನಿಲ, ತೈಲ ಬಿಟ್ಟು ಬೇರೆ ಮೂಲಗಳದ್ದಾಗಬೇಕು. ಕಾಡು, ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟನ್ನು ಹೆಚ್ಚುವರಿಯಾಗಿ ಹೀರಿಸಬೇಕು. ಈ ಕೊನೆಯ ಗುರಿ 2015ರ ಮೊದಲ ಪತ್ರದಲ್ಲೂ ಇದ್ದದ್ದೇ. ನೀವು ಹೇಳುತ್ತಿರುವುದು ಇದನ್ನೇ. 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಹೇಳಿದ 2070ರ ನೆಟ್ ಝೀರೋ (ಹೊರಬಿಟ್ಟಷ್ಟು ಇಂಗಾಲವನ್ನು ಹೀರಿಸಿ ಸರಿದೂಗಿಸುವುದು) ಇವುಗಳಾಚೆಯ ದೂರದ ಗುರಿ.

ಈಗ ವಕೀಲಳ ಕಣ್ಣಿನಿಂದ ಇದನ್ನೇ ಇನ್ನೊಮ್ಮೆ ಓದಿ. ಮೊದಲ ಗುರಿ ಒಟ್ಟು ಹೊಗೆಯ ಮೇಲಿನ ಮಿತಿಯಲ್ಲ, ಜಿಡಿಪಿಗೆ ಹೋಲಿಸಿದ ಲೆಕ್ಕ. ಆರ್ಥಿಕತೆ ಬೆಳೆದಂತೆ ಒಟ್ಟು ಹೊಗೆ ಹೆಚ್ಚಿದರೂ ಗುರಿ ಮುಟ್ಟಬಹುದು. ಎರಡನೆಯದು ಸ್ಥಾಪಿತ ಸಾಮರ್ಥ್ಯದ ಲೆಕ್ಕ, ತಯಾರಾದ ವಿದ್ಯುತ್ತಿನದ್ದಲ್ಲ. 2025ರ ಮಧ್ಯದಲ್ಲೇ ಆ 50% ದಾಟಿದ್ದೇವೆ ಎಂದು ಸರ್ಕಾರ ಹೇಳಿತು. ಆದರೆ ಆ ವರ್ಷವೂ ನಮ್ಮ ವಿದ್ಯುತ್ತಿನ ದೊಡ್ಡ ಪಾಲು ಬಂದದ್ದು ಕಲ್ಲಿದ್ದಲಿನಿಂದ. ಮೂರನೆಯದು ಇಡೀ ದೇಶದ ಮೊತ್ತ. ಭಾಂಡುಪ್‌ನ ಒಂದು ಕಾಡು ಹೋದರೆ ಗುರಿ ತಪ್ಪಿತು ಎಂದು ಯಾರೂ ಸಾಬೀತು ಮಾಡಲಾರರು. ಬೇರೆಲ್ಲೋ ನೆಡುತ್ತೇವೆ ಎಂಬ ಉತ್ತರ ಸರ್ಕಾರದ ಬಳಿ ಸಿದ್ಧವಿರುತ್ತದೆ. ಸಾಲದ್ದಕ್ಕೆ, 2022ರ ಗುರಿಗಳಿಗೆ ಒಪ್ಪಿಗೆ ಕೊಟ್ಟಾಗ ಕೇಂದ್ರ ಸಂಪುಟವೇ ಒಂದು ಮಾತು ಸ್ಪಷ್ಟಪಡಿಸಿತು: ಈ ಎನ್‌ಡಿಸಿ ಯಾವುದೇ ಒಂದು ನಿರ್ದಿಷ್ಟ ವಲಯಕ್ಕೆ ಕಟ್ಟುಪಾಡು ಹಾಕುವುದಿಲ್ಲ. ಎದುರು ಪಕ್ಷದ ವಕೀಲರು ಮೊದಲು ತೆಗೆದು ತೋರಿಸುವುದು ಇದೇ ಸಾಲನ್ನು.

ಒಪ್ಪಂದದ ಒಳಗೂ ಹೀಗೇ ಇದೆ. ಎನ್‌ಡಿಸಿ ತಯಾರಿಸುವುದು, ಕೊಡುವುದು, ಐದು ವರ್ಷಕ್ಕೊಮ್ಮೆ ಹೊಸದು ಕೊಡುವುದು, ಅದಕ್ಕಾಗಿ ದೇಶದೊಳಗೆ ಕ್ರಮ ಕೈಗೊಳ್ಳುವುದು ಕಡ್ಡಾಯ. ಬರೆದ ಅಂಕಿಯನ್ನು ಮುಟ್ಟಲೇಬೇಕು ಎಂದು ಮಾತ್ರ ಒಪ್ಪಂದ ಹೇಳುವುದಿಲ್ಲ. ಹಾಗಂತ ದೇಶಗಳು ಮನಸ್ಸಿಗೆ ಬಂದದ್ದು ಬರೆದು ಸುಮ್ನೆ ಕೂರುವಂತೆಯೂ ಇಲ್ಲ. 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಅಭಿಪ್ರಾಯದಲ್ಲಿ ಇದು ಸ್ಪಷ್ಟವಾಗಿದೆ. ಪ್ರತಿ ಎನ್‌ಡಿಸಿ ಹಿಂದಿನದಕ್ಕಿಂತ ಮುಂದೆ ಹೋಗಬೇಕು, ದೇಶದ ಕೈಲಾದ ಅತಿ ಹೆಚ್ಚಿನ ಪ್ರಯತ್ನವನ್ನು ತೋರಿಸಬೇಕು, ಅದನ್ನು ಸಾಧಿಸಲು ದೇಶ ಶ್ರದ್ಧೆಯಿಂದ ದುಡಿಯಬೇಕು ಎಂದು ಅದು ಹೇಳಿತು. ಅದು ಸಲಹಾ ಅಭಿಪ್ರಾಯ, ನೇರವಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ನಮ್ಮ ಹೈಕೋರ್ಟಿನಲ್ಲಿ ಓದಿ ತೋರಿಸಲು ಅದು ತೂಕದ ದಾಖಲೆ.

ಇನ್ನು ನಮ್ಮ ಸಂವಿಧಾನಕ್ಕೆ ಬರೋಣ. ಭಾರತದಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಸರ್ಕಾರದ ಆಡಳಿತಾಧಿಕಾರ. ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಹಾಗಾಗಿಯೇ, ಸಹಿ ಬಿದ್ದ ಮಾತ್ರಕ್ಕೆ ಅದು ದೇಶದೊಳಗಿನ ಕಾನೂನಾಗುವುದಿಲ್ಲ. ಕಾನೂನು ಮಾಡುವುದು ಸಂಸತ್ತು. ಒಪ್ಪಂದವನ್ನು ಜಾರಿಗೆ ತರಲು ಇಡೀ ದೇಶಕ್ಕೆ ಕಾನೂನು ಮಾಡುವ ಅಧಿಕಾರವನ್ನು 253ನೇ ವಿಧಿ ಸಂಸತ್ತಿಗೆ ಕೊಡುತ್ತದೆ. ಒಪ್ಪಂದಗಳನ್ನು ಗೌರವಿಸಿ ಎಂದು 51(ಸಿ) ವಿಧಿ ಹೇಳುತ್ತದೆ ನಿಜ. ಆದರೆ ಅದು ನಿರ್ದೇಶಕ ತತ್ವ, ಅದೊಂದನ್ನೇ ಹಿಡಿದು ಕೋರ್ಟಿನಲ್ಲಿ ಆದೇಶ ಕೇಳಲಾಗದು. ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕುವ ವಿಷಯದಲ್ಲಿ, 1980ರ ಜಾಲಿ ಜಾರ್ಜ್ ವರ್ಗೀಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು.

ನೀವು ಬ್ಯಾಂಕಿನವರಾದ್ದರಿಂದ ಇನ್ನೊಂದು ಉದಾಹರಣೆ ಬೇಗ ಹಿಡಿಸಬಹುದು. 2023ರ ಅಕ್ಟೋಬರ್‌ನಲ್ಲಿ ನೆಸ್ಲೆ ಕಂಪನಿಯ ತೆರಿಗೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬೇರೆ ದೇಶದೊಂದಿಗಿನ ತೆರಿಗೆ ಒಪ್ಪಂದದಲ್ಲಿ ರಿಯಾಯಿತಿ ಬರೆದಿತ್ತು. ಆದರೆ ಆದಾಯ ತೆರಿಗೆ ಕಾಯ್ದೆಯ 90ನೇ ಸೆಕ್ಷನ್ ಪ್ರಕಾರ ಅಧಿಸೂಚನೆ ಹೊರಡುವವರೆಗೆ ಆ ರಿಯಾಯಿತಿ ಇಲ್ಲಿ ನಡೆಯದು ಎಂದಿತು ಕೋರ್ಟ್. ಕೋಟಿಗಟ್ಟಲೆ ರೂಪಾಯಿಯ ಒಪ್ಪಂದಕ್ಕೇ ಹೀಗಾದರೆ, ಎನ್‌ಡಿಸಿಯ ಪಾಡು ಊಹಿಸಿಕೊಳ್ಳಿ.

ಈ ದಾರಿಯಲ್ಲಿ ಹೋಗಿ ನೋಡಿದವರು ಇದ್ದಾರೆ. ಉತ್ತರಾಖಂಡದ ರಿಧಿಮಾ ಪಾಂಡೆ 2017ರಲ್ಲಿ, ಒಂಬತ್ತು ವರ್ಷದವಳಿದ್ದಾಗ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ, ಅಂದರೆ ಎನ್‌ಜಿಟಿಗೆ, ಅರ್ಜಿ ಹಾಕಿದಳು. ಪ್ಯಾರಿಸ್‌ನ ಮಾತಿಗೆ ತಕ್ಕಂತೆ ಸರ್ಕಾರ ನಡೆದುಕೊಳ್ಳುತ್ತಿಲ್ಲ, ಇಂಗಾಲದ ಲೆಕ್ಕ ಇಟ್ಟು ಯೋಜನೆ ಮಾಡಲಿ ಎಂಬುದು ಅವಳ ಬೇಡಿಕೆ. ಎನ್‌ಜಿಟಿ 2019ರ ಜನವರಿಯಲ್ಲಿ ಅದನ್ನು ವಜಾ ಮಾಡಿತು. ಸರ್ಕಾರದ ನೀತಿಗಳಲ್ಲಿ ಪ್ಯಾರಿಸ್ ಒಪ್ಪಂದ ಸೇರಿಲ್ಲ ಎಂದು ಭಾವಿಸಲು ಕಾರಣವಿಲ್ಲ ಎಂದಿತು. ಆ ಆದೇಶ ತುಂಬ ಚಿಕ್ಕದು. ಓದಿದಾಗಲೆಲ್ಲ ಬೇಸರವಾಗುತ್ತದೆ. ಅಷ್ಟು ಗಂಭೀರವಾದ ಪ್ರಶ್ನೆಗೆ ಇನ್ನಷ್ಟು ವಿವರವಾದ ಉತ್ತರ ಸಿಗಬೇಕಿತ್ತು. ಆದರೆ ಕಾನೂನಿನ ಒಂದು ತೊಡಕೂ ಅಲ್ಲಿತ್ತು. ಎನ್‌ಜಿಟಿ ನೋಡುವುದು ತನ್ನ ಕಾಯ್ದೆಯ ಅನುಸೂಚಿಯಲ್ಲಿರುವ ಕಾನೂನುಗಳ ಜಾರಿಯನ್ನು. ನೀರು, ಗಾಳಿ, ಅರಣ್ಯ, ಪರಿಸರ ರಕ್ಷಣೆ, ಜೀವವೈವಿಧ್ಯ, ಹೀಗೆ. ಆ ಪಟ್ಟಿಯಲ್ಲಿ ಪ್ಯಾರಿಸ್ ಒಪ್ಪಂದ ಇಲ್ಲ.

ಹಾಗಾದರೆ ಆ ಮಾತಿಗೆ ಬೆಲೆಯೇ ಇಲ್ಲವೇ? ಇದೆ. ಅದು ಒಳಗೆ ಬರಲು ಎರಡು ಬಾಗಿಲುಗಳಿವೆ.

ಒಂದು, ಸಂಸತ್ತು ಮತ್ತು ಸರ್ಕಾರ ತಾವೇ ತೆರೆಯುವ ಬಾಗಿಲು. 1986ರ ಪರಿಸರ ರಕ್ಷಣಾ ಕಾಯ್ದೆ ಹುಟ್ಟಿದ್ದೇ 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಧಾರಗಳನ್ನು ಜಾರಿಗೆ ತರಲು, ಪೀಠಿಕೆಯಲ್ಲೇ ಹಾಗೆಂದು ಬರೆದಿದೆ. ಪ್ಯಾರಿಸ್‌ನ ಗುರಿಗಳೂ ತುಂಡು ತುಂಡಾಗಿ ಹೀಗೆ ಒಳಗೆ ಬರುತ್ತಿವೆ. ವಿದ್ಯುತ್ತಿನ ಗುರಿಯನ್ನೇ ತೆಗೆದುಕೊಳ್ಳಿ. ಎನ್‌ಡಿಸಿಯಲ್ಲಿ ಅದು ಬರೀ ಒಂದು ಸಾಲು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಯಿತು. ಅದರಡಿ 2023ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಟಿತು: ವಿದ್ಯುತ್ ವಿತರಣಾ ಕಂಪನಿಗಳು, ಸ್ವಂತಕ್ಕೆ ವಿದ್ಯುತ್ ಉತ್ಪಾದಿಸಿಕೊಳ್ಳುವ ದೊಡ್ಡ ಕಾರ್ಖಾನೆಗಳು 2024-25ರಲ್ಲಿ ತಮ್ಮ ಬಳಕೆಯ 29.91% ಭಾಗವನ್ನು ನವೀಕರಿಸಬಹುದಾದ ಮೂಲಗಳಿಂದ ಪಡೆಯಬೇಕು, ಅದು ವರ್ಷ ವರ್ಷ ಏರುತ್ತಾ 2029-30ಕ್ಕೆ 43.33% ಆಗಬೇಕು. ಈಗ ಅದು ಕಾನೂನು. ಇಂಥ ಕಂಪನಿ, ಇಂಥ ವರ್ಷ, ಇಷ್ಟು ಪ್ರಮಾಣ ಎಂದು ಬೆರಳಿಟ್ಟು ತೋರಿಸಬಹುದು, ತಪ್ಪಿದರೆ ದಂಡ ಕೇಳಬಹುದು. ಇಂಥ ಕಟ್ಟುಪಾಡನ್ನು ಕೋರ್ಟು ಎತ್ತಿಹಿಡಿಯುತ್ತದೆ ಎಂಬುದೂ ಗೊತ್ತಿದೆ. ರಾಜಸ್ಥಾನದಲ್ಲಿ ಸ್ವಂತ ಸ್ಥಾವರವಿದ್ದ ಕಾರ್ಖಾನೆಗಳು ಹಿಂದಿನ ಇಂಥದೇ ನಿಯಮವನ್ನು ಪ್ರಶ್ನಿಸಿದಾಗ, 2015ರ ಹಿಂದುಸ್ತಾನ್ ಝಿಂಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬದುಕುವ ಹಕ್ಕಿನ 21ನೇ ವಿಧಿಯನ್ನೂ ಹೇಳಿ ನಿಯಮದ ಪರ ನಿಂತಿತು. ಹೊಗೆಯ ಗುರಿಯೂ ಈ ದಾರಿ ಹಿಡಿದಿದೆ. 2025ರ ಅಕ್ಟೋಬರ್‌ನಲ್ಲಿ ಪರಿಸರ ರಕ್ಷಣಾ ಕಾಯ್ದೆಯಡಿ ಬಂದ ನಿಯಮಗಳು ಸಿಮೆಂಟ್, ಅಲ್ಯೂಮಿನಿಯಂ, ಕ್ಲೋರ್-ಆಲ್ಕಲಿ, ಕಾಗದ ಈ ನಾಲ್ಕು ಉದ್ಯಮಗಳಲ್ಲಿ ಒಂದೊಂದು ಕಾರ್ಖಾನೆಗೂ ಹೊಗೆಯ ಗುರಿ ಹಾಕಿವೆ.

ಗಮನಿಸಿ, ಕಾಡಿನ ಗುರಿಗೆ ಇಂಥ ಕಾನೂನು ಇನ್ನೂ ಬಂದಿಲ್ಲ. ಇಂಥ ಜಿಲ್ಲೆ ಇಷ್ಟು ಇಂಗಾಲ ಹೀರುವ ಕಾಡನ್ನು ಉಳಿಸಿಕೊಳ್ಳಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ. ನಿಮ್ಮ ಕಷ್ಟದ ಮೂಲ ಇಲ್ಲಿದೆ.

ಎರಡನೇ ಬಾಗಿಲು ಕೋರ್ಟು ತೆರೆಯುವುದು. ದೇಶದ ಕಾನೂನು ಸುಮ್ಮನಿರುವ ಕಡೆ, ಅದಕ್ಕೆ ವಿರುದ್ಧವಾಗದಂತೆ, ಅಂತರರಾಷ್ಟ್ರೀಯ ಒಪ್ಪಂದವನ್ನು ಮೂಲಭೂತ ಹಕ್ಕಿನೊಳಗೆ ಓದಿಕೊಳ್ಳಬಹುದು ಎಂದು 1997ರ ವಿಶಾಖಾ ತೀರ್ಪು ಹೇಳಿತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಮಾರ್ಗಸೂಚಿ ಬಂದದ್ದು ಹಾಗೆ. ಕಾನೂನು ಬಂದದ್ದು ಹದಿನಾರು ವರ್ಷ ಆದ ಮೇಲೆ. ಹವಾಮಾನದ ವಿಷಯದಲ್ಲಿ ಅಂಥ ಹೆಜ್ಜೆ 2024ರ ಮಾರ್ಚ್ 21ರ ರಂಜಿತ್‌ಸಿನ್ಹ್ ತೀರ್ಪಿನಲ್ಲಿ ಬಂತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಮಾನತೆಯ 14 ಮತ್ತು ಬದುಕುವ ಹಕ್ಕಿನ 21ನೇ ವಿಧಿಗಳಡಿ ಜನರ ಹಕ್ಕು ಎಂದು ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ಬಿಡಿಸಿ ಹೇಳಿತು. ಹವಾಮಾನಕ್ಕೆಂದೇ ಒಂದು ಸಮಗ್ರ ಕಾನೂನು ನಮ್ಮಲ್ಲಿಲ್ಲ ಎಂಬುದನ್ನೂ ಗುರುತಿಸಿತು. ಹಾಗಂತ ಜನರಿಗೆ ಹಕ್ಕೇ ಇಲ್ಲ ಎಂದಾಗದು ಎಂದಿತು.

ಪತ್ರಿಕೆಗಳು ಇಷ್ಟನ್ನು ದೊಡ್ಡದಾಗಿ ಬರೆದವು. ಆ ಕೇಸಿನಲ್ಲಿ ಏನಾಯಿತು ಎಂಬುದನ್ನೂ ನೀವು ತಿಳಿದಿರಬೇಕು. ರಾಜಸ್ಥಾನ, ಗುಜರಾತ್‌ನಲ್ಲಿ ಅಳಿವಿನಂಚಿಗೆ ಬಂದ ಹೆಬ್ಬಕಗಳು ವಿದ್ಯುತ್ ತಂತಿಗೆ ಡಿಕ್ಕಿ ಹೊಡೆದು ಸಾಯುತ್ತಿದ್ದವು. 2021ರಲ್ಲಿ ಕೋರ್ಟ್ ಹಕ್ಕಿಗಳ ಪರ ನಿಂತು, ಸುಮಾರು 99,000 ಚದರ ಕಿ.ಮೀ. ವ್ಯಾಪ್ತಿಯಲ್ಲಿ ತಂತಿಗಳ ಮೇಲೆ ನಿರ್ಬಂಧ ಹಾಕಿ, ಸಾಧ್ಯವಿರುವ ಕಡೆ ನೆಲದಡಿ ಹಾಕಿ ಎಂದಿತ್ತು. ಸರ್ಕಾರ ವಾಪಸ್ ಬಂದು ಹೇಳಿದ್ದು ಇಷ್ಟು: ಸೌರ, ಗಾಳಿ ವಿದ್ಯುತ್ತಿಗೆ ಯೋಗ್ಯವಾದ ನೆಲ ಅದೇ, ಈ ಆದೇಶ ಇದ್ದರೆ ಪ್ಯಾರಿಸ್‌ನಲ್ಲಿ ಕೊಟ್ಟ ಮಾತು ನಡೆಸಲಾಗದು. 2024ರಲ್ಲಿ ಕೋರ್ಟ್ ಅದನ್ನು ಒಪ್ಪಿ, ಹಿಂದಿನ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಅಂದರೆ ಹವಾಮಾನದ ಹಕ್ಕು ಹುಟ್ಟಿದ ಆ ಕೇಸಿನಲ್ಲಿ ಪ್ಯಾರಿಸ್‌ನ ಮಾತನ್ನು ಕೈಯಲ್ಲಿ ಹಿಡಿದು ಬಂದದ್ದು ಸರ್ಕಾರ. ನಿಮ್ಮ ರಸ್ತೆಯ ವಿಷಯದಲ್ಲೂ ಹೀಗಾಗಬಹುದು. ಟ್ರಾಫಿಕ್ ಕಡಿಮೆಯಾದರೆ ಹೊಗೆ ಕಡಿಮೆಯಾಗುತ್ತದೆ, ಅದೂ ಹವಾಮಾನಕ್ಕೆ ಒಳ್ಳೆಯದೇ ಎಂಬ ವಾದ ಬಂದೇ ಬರುತ್ತದೆ. ಅದಕ್ಕೆ ಮೊದಲೇ ಸಿದ್ಧರಾಗಿರಿ.

ಬೇರೆ ದೇಶಗಳಲ್ಲಿ ಜನ ಗೆದ್ದಿದ್ದಾರಲ್ಲ ಎಂದು ನೀವು ಕೇಳಬಹುದು. ಗೆದ್ದಿದ್ದಾರೆ. ನೆದರ್‌ಲೆಂಡ್ಸ್‌ನ ಉರ್ಗೆಂಡಾ ಕೇಸಿನಲ್ಲಿ 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, 1990ಕ್ಕೆ ಹೋಲಿಸಿದರೆ 2020ರ ಕೊನೆಗೆ ಹೊಗೆಯನ್ನು 25% ಇಳಿಸಲೇಬೇಕು ಎಂದು ಸರ್ಕಾರಕ್ಕೆ ಆದೇಶಿಸಿತು. ಆದರೆ ಅದು ನಿಂತಿದ್ದು ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ ಮೇಲೆ. ಅಂಥ ಒಪ್ಪಂದಗಳು ಆ ದೇಶದ ಕೋರ್ಟುಗಳಲ್ಲಿ ನೇರವಾಗಿ ನಡೆಯುತ್ತವೆ. ಜರ್ಮನಿಯಲ್ಲಿ 2021ರಲ್ಲಿ ಯುವಜನರು ಗೆದ್ದಾಗ ಅವರ ಕೈಯಲ್ಲಿ ಸಂಸತ್ತು ಮಾಡಿದ ಹವಾಮಾನ ಕಾಯ್ದೆ ಇತ್ತು, 2030ರ ನಂತರದ್ದನ್ನು ಅದು ಬಿಟ್ಟಿದೆ ಎಂದು ತೋರಿಸಲು ಸಾಧ್ಯವಾಯಿತು.

ನಮ್ಮ ಪದ್ಧತಿಗೆ ಹತ್ತಿರದ್ದು ಬ್ರಿಟನ್. ಅಲ್ಲಿ ಹೀಥ್ರೂ ವಿಮಾನ ನಿಲ್ದಾಣದ ಮೂರನೇ ರನ್‌ವೇ ಕೇಸು ನಡೆಯಿತು. ಯೋಜನೆ ಮಾಡುವಾಗ ಹವಾಮಾನದ ಬಗ್ಗೆ ಸರ್ಕಾರದ ನೀತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅವರ ಕಾನೂನಿನಲ್ಲಿದೆ. ಪ್ಯಾರಿಸ್ ಒಪ್ಪಂದವನ್ನು ಮಂತ್ರಿಗಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ರನ್‌ವೇ ನೀತಿಯನ್ನೇ ಕಾನೂನುಬಾಹಿರ ಎಂದಿತು. ಎಲ್ಲರೂ ಸಂಭ್ರಮಿಸಿದರು. ಅದೇ ಡಿಸೆಂಬರ್‌ನಲ್ಲಿ ಅವರ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಒಪ್ಪಂದವನ್ನು ಅನುಮೋದಿಸಿದ ಮಾತ್ರಕ್ಕೆ ಅದು ಆ ಕಾನೂನಿನ ಅರ್ಥದಲ್ಲಿ ಸರ್ಕಾರದ ನೀತಿ ಆಗುವುದಿಲ್ಲ ಎಂದಿತು. ಹವಾಮಾನ ಕಾಯ್ದೆಯನ್ನು 2008ರಲ್ಲೇ ಮಾಡಿದ ದೇಶದಲ್ಲೂ ಬರೀ ಪ್ಯಾರಿಸ್‌ನ ಮೇಲೆ ನಿಂತ ವಾದ ಉಳಿಯಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಮಗೂ ಒಂದು ಹವಾಮಾನ ಕಾಯ್ದೆ ಬೇಕೇ ಬೇಕು. ಬರೀ ದೊಡ್ಡ ಗುರಿ ಬರೆದ ಕಾಯ್ದೆ ಸಾಲದು. ಕಾಡು, ಖಾಡಿ, ಜೌಗು ಕಡಿಯುವ ಪ್ರತಿ ಯೋಜನೆಯೂ ತನ್ನ ಇಂಗಾಲದ ಲೆಕ್ಕ ಕೊಡಬೇಕು ಎಂದು ಅದು ಹೇಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ನೋಡಿದ ಈ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಪಾಲಿಕೆ 2022ರಲ್ಲಿ ಹವಾಮಾನ ಕ್ರಿಯಾ ಯೋಜನೆ ತಂದಿತು, 2050ಕ್ಕೆ ನೆಟ್ ಝೀರೋ ಎಂದಿತು. ಒಳ್ಳೆಯ ದಾಖಲೆ ಅದು. ಆದರೆ 2034ರ ಅಭಿವೃದ್ಧಿ ಯೋಜನೆಗೆ ನಗರ ಯೋಜನಾ ಕಾಯ್ದೆಯ ಬಲ ಇದೆ, ಹವಾಮಾನ ಯೋಜನೆಗೆ ಅಂಥ ಬಲ ಇಲ್ಲ. ಎರಡಕ್ಕೂ ಜಗಳ ಬಂದರೆ ಗೆಲ್ಲುವುದು ಯಾವುದು ಎಂದು ನಿಮಗೇ ಗೊತ್ತಾಗುತ್ತದೆ.

ಈಗ ನಿಮ್ಮ ಖಾಡಿಗೆ ಬರೋಣ. 2018ರ ಸೆಪ್ಟೆಂಬರ್ 17ರಂದು ಬಾಂಬೆ ಹೈಕೋರ್ಟ್ ಕಾಂಡ್ಲಾದ ಬಗ್ಗೆ ದೊಡ್ಡ ತೀರ್ಪು ಕೊಟ್ಟಿದೆ. ಕಾಂಡ್ಲಾ ನಾಶ 21ನೇ ವಿಧಿಯ ಹಕ್ಕಿಗೆ ಧಕ್ಕೆ ಎಂದಿದೆ. ಸುತ್ತ 50 ಮೀಟರ್ ಬಿಡಬೇಕು, ಸಾರ್ವಜನಿಕ ಯೋಜನೆಗಾದರೂ ಕಡಿಯುವ ಮೊದಲು ಹೈಕೋರ್ಟಿನ ಒಪ್ಪಿಗೆ ಬೇಕು ಎಂದಿದೆ. ಇದು ನಿಮ್ಮ ಮೊದಲ ಆಧಾರ. ಎರಡನೆಯದು 2019ರ ಕರಾವಳಿ ನಿಯಂತ್ರಣ ಅಧಿಸೂಚನೆ, ಎಲ್ಲರೂ ಸಿಆರ್‌ಝಡ್ ಎನ್ನುವುದು. ಕಾಂಡ್ಲಾ ಕಾಡು ಅದರಲ್ಲಿ ಅತಿ ಬಿಗಿಯಾದ ವರ್ಗದಲ್ಲಿದೆ. ಅಲ್ಲಿ ರಸ್ತೆ ಅಪರೂಪದ ಸಂದರ್ಭದಲ್ಲಿ ಮಾತ್ರ, ಕಡಿದ ಜಾಗದ ಕನಿಷ್ಠ ಮೂರು ಪಟ್ಟು ಜಾಗದಲ್ಲಿ ನೆಡುವ ಷರತ್ತಿನೊಂದಿಗೆ. ಮೂರನೆಯದು, ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ರಾಮ್ಸಾರ್ ಕೂಡ ಅಂತರರಾಷ್ಟ್ರೀಯ ಒಪ್ಪಂದವೇ. ಆದರೆ ಅದರ ಜಾಗಗಳನ್ನು 2017ರ ಜೌಗು ಪ್ರದೇಶ ನಿಯಮಗಳು ಹೆಸರು ಹಿಡಿದು ಒಳಗೊಳ್ಳುತ್ತವೆ, ಅರಣ್ಯ, ವನ್ಯಜೀವಿ ಕಾಯ್ದೆ ಅಥವಾ ಸಿಆರ್‌ಝಡ್ ಅಡಿ ಬರುವ ಭಾಗಗಳನ್ನು ಬಿಟ್ಟು. ಪ್ಯಾರಿಸ್‌ಗೆ ಸಿಗದ ಬಲ ಅದಕ್ಕಿದೆ. ರಸ್ತೆಯ ದಾರಿ ಅದರ ಗಡಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ನಕ್ಷೆ ಇಟ್ಟು ಅಳೆಯಿರಿ.

ಇವುಗಳಿದ್ದೂ ಗೆಲುವು ಖಂಡಿತ ಎಂದು ಹೇಳಲಾರೆ. ಬುಲೆಟ್ ಟ್ರೈನಿಗಾಗಿ 20 ಸಾವಿರಕ್ಕೂ ಹೆಚ್ಚು ಕಾಂಡ್ಲಾ ಕಡಿಯಲು 2022ರ ಡಿಸೆಂಬರ್‌ನಲ್ಲಿ ಇದೇ ಹೈಕೋರ್ಟ್ ಒಪ್ಪಿಗೆ ಕೊಟ್ಟಿತು. ಆದರೆ ಮೊದಲು ಕಡಿಯಬೇಕು ಎಂದಿದ್ದದ್ದು ಐವತ್ತು ಸಾವಿರಕ್ಕೂ ಜಾಸ್ತಿ. ಆ ಸಂಖ್ಯೆ ಇಳಿಯಿತು. ಒಪ್ಪಿಗೆ ಕೇಳಲೇಬೇಕು ಎಂಬ ನಿಯಮ ಇದ್ದದ್ದರಿಂದ ಆದ ಲಾಭ ಅದು ಎಂದು ನನಗನಿಸುತ್ತದೆ. ಸಾವಿರಾರು ಗಿಡ ಉಳಿದದ್ದು ಸಣ್ಣ ಮಾತಲ್ಲ.

ಪ್ಯಾರಿಸ್‌ನ ಮಾತು ನಿಮ್ಮ ಅರ್ಜಿಯಲ್ಲಿ ಬರಬೇಕಾದದ್ದು ಇವುಗಳ ನಂತರ. ಹೀಗೆ ಬರೆಯಿಸಿ: ಕಾಡಿನ ಮೂಲಕ ಇಂಗಾಲ ಹೀರಿಸುತ್ತೇವೆ ಎಂದು ಸರ್ಕಾರವೇ ಹೇಳಿದೆ, ಕಾಂಡ್ಲಾ ನೆಡಲು 2023ರ ಬಜೆಟ್‌ನಲ್ಲಿ ಮಿಷ್ಟಿ ಯೋಜನೆಯನ್ನೂ ತಂದಿದೆ, 21ನೇ ವಿಧಿಯಲ್ಲಿ ಹವಾಮಾನದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ, ಹೀಗಿರುವಾಗ ಅನುಮತಿ ಕೊಟ್ಟ ಅಧಿಕಾರಿಗಳು ಈ ಕಾಡು ಹಿಡಿದಿಟ್ಟ ಇಂಗಾಲವನ್ನೂ ಬೇರೆ ದಾರಿಗಳನ್ನೂ ಪರಿಶೀಲಿಸಿದ್ದಾರೆಯೇ? ಮಾತು ಮುರಿದಿರಿ ಎಂದು ದೂರುವುದಕ್ಕಿಂತ, ಮುಖ್ಯವಾದದ್ದನ್ನು ನೋಡದೆ ಸಹಿ ಹಾಕಿದಿರಿ ಎಂದು ತೋರಿಸುವುದು ಸುಲಭ. ಕೋರ್ಟಿಗೂ ಆದೇಶ ಕೊಡಲು ಒಂದು ಹಿಡಿತ ಸಿಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017ರಲ್ಲಿ ಒಂದು ಕಲ್ಲಿದ್ದಲು ಸ್ಥಾವರದ ಅನುಮತಿ ಹೀಗೇ ಸಿಕ್ಕಿಬಿದ್ದಿತು. ಅವರ ಪರಿಸರ ಕಾನೂನಿನಲ್ಲಿ ಹವಾಮಾನದ ಹೆಸರು ಇರಲಿಲ್ಲ. ಆದರೂ ಅದನ್ನು ನೋಡದೆ ಅನುಮತಿ ಕೊಟ್ಟದ್ದು ತಪ್ಪು ಎಂದು ಕೋರ್ಟ್ ಹೇಳಿತು.

ಮೊದಲು ಕಾಗದ ಸೇರಿಸಿ. ಕೇಂದ್ರ ಸರ್ಕಾರದ ಪರಿಸರ ಅನುಮತಿಗಳ ಜಾಲತಾಣವಾದ ಪರಿವೇಶ್ ಪೋರ್ಟಲಿನಲ್ಲಿ ಯೋಜನೆಯ ಅರ್ಜಿ, ಅರಣ್ಯ ಅನುಮತಿ ಸಿಗುತ್ತವೆ. ಮಹಾರಾಷ್ಟ್ರ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಸಭೆಯ ನಡಾವಳಿ ನೋಡಿ, ಸಿಗದಿದ್ದರೆ ಆರ್‌ಟಿಐ ಹಾಕಿ. ದಿನಾಂಕದ ಮೇಲೆ ಕಣ್ಣಿಡಿ, ಇಲ್ಲೇ ಜನ ಸೋಲುವುದು ಜಾಸ್ತಿ. ಪರಿಸರ ಅನುಮತಿ ಪತ್ರದ ವಿರುದ್ಧ ಎನ್‌ಜಿಟಿಗೆ ಮೇಲ್ಮನವಿ ಹಾಕಲು 30 ದಿನ, ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ, ಆಮೇಲೆ ಬಾಗಿಲು ಮುಚ್ಚುತ್ತದೆ. ಮುಂಬೈನ ಕೇಸುಗಳು ಹೋಗುವುದು ಪುಣೆಯ ಪೀಠಕ್ಕೆ, ವಿಡಿಯೊದಲ್ಲೂ ವಿಚಾರಣೆ ನಡೆಯುತ್ತದೆ. ಅನುಮತಿ ಇನ್ನೂ ಬಂದಿಲ್ಲವಾದರೆ ಈಗಲೇ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಡಿಯಲು ಒಪ್ಪಿಗೆ ಕೇಳಿ ಯೋಜನೆಯವರು ಹೈಕೋರ್ಟಿಗೆ ಬಂದ ದಿನ, ನಿಮ್ಮ ಸೊಸೈಟಿ ಆ ಕೇಸಿನಲ್ಲಿ ಮಧ್ಯಪ್ರವೇಶದ ಅರ್ಜಿ ಹಾಕಬಹುದು. ಅದಕ್ಕೆ ಸೊಸೈಟಿಯ ಸಾಮಾನ್ಯ ಸಭೆಯ ಠರಾವು ಬೇಕಾಗುತ್ತದೆ, ಮುಂದಿನ ಸಭೆಯಲ್ಲೇ ಪಾಸು ಮಾಡಿಸಿಕೊಂಡಿರಿ.